ಸುಂಕಪ್ಪನ ಪಾಲಿನ ಬೀಡಿ

ಕರೂರಿನ ಬಸ್ ತಂಗುದಾಣದಲ್ಲಿ ಸತ್ತವನೊಬ್ಬ ದಿನಾ ಬೆಳಿಗ್ಗೆ ಬೀಡಿ ಸೇದುತ್ತಾನೆ ಎಂದು ಮಾರೆಣ್ಣ ನಂಬಿದ್ದ. ನಂಬದೆ ಏನು ಮಾಡುತ್ತಾನೆ ಪಾಪ? ಕಣ್ಣಾರೆ ನೋಡಿದ್ದ, ಕಿವಿಯಾರೆ ಕೇಳಿದ್ದ.

ಆ ತಂಗುದಾಣಕ್ಕೆ ಮೂರು ಕಡೆ ಗೋಡೆ, ಮುಂದೆ ರಸ್ತೆ, ಮೇಲೆ ಸಿಮೆಂಟಿನ ಚಾವಣಿ. ಒಳಗೆ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ. ಹಿಂದಿನ ಗೋಡೆಯ ಮೂಲೆಯಲ್ಲಿ, ಕೂತವರ ಹೆಗಲ ಎತ್ತರಕ್ಕೆ, ಒಂದು ಗಾಳಿಕಿಂಡಿ. ಅದರ ಸರಳು ಕಿತ್ತುಹೋಗಿ ಎಷ್ಟೋ ವರ್ಷವಾಯಿತು. ಗೋಡೆಯ ಹಿಂದೆ ಬಳ್ಳಾರಿ ಜಾಲಿಯ ಮುಳ್ಳುಕಂಟಿ, ಅದರಾಚೆ ಕಾಲುವೆ, ಕಾಲುವೆಯಾಚೆ ಭತ್ತದ ಗದ್ದೆ. ಚಳಿಗಾಲದಲ್ಲಿ ಗದ್ದೆಯ ಮೇಲಿಂದ ಮಂಜು ಎದ್ದು ಬಂತೆಂದರೆ ಕಾಲುವೆ ಕಾಣದು, ಕಂಟಿ ಕಾಣದು, ಎದುರಿಗೆ ನಿಂತವನ ಮುಖವೂ ಕಾಣದು. ಬರೀ ದನಿ ಕೇಳುತ್ತದೆ.

ಗಾಳಿಕಿಂಡಿಯ ಕೆಳಗಿನ ಆ ಮೂಲೆ ಸುಂಕಪ್ಪನದು. ಸುಂಕಪ್ಪ, ಮಾರೆಣ್ಣ ಇಬ್ಬರೂ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರು. ಇಪ್ಪತ್ತೆರಡು ವರ್ಷ ಒಂದೇ ಬಸ್ಸು, ಒಂದೇ ಕಟ್ಟೆ, ಒಂದೇ ಕಡ್ಡಿಯಲ್ಲಿ ಎರಡು ಬೀಡಿ. ಸುಂಕಪ್ಪನ ಕೆಮ್ಮನ್ನು ಊರೇ ಗುರುತು ಹಿಡಿಯುತ್ತಿತ್ತು. ಗಿಡ್ಡಗೆ ಮೂರು ಸಲ ಖೊಕ್, ಖೊಕ್, ಖೊಕ್. ಆಮೇಲೆ ಸೀಟಿಯೊಳಗಿಂದ ಗಾಳಿ ಎಳೆದಂತೆ ಒಂದು ಉದ್ದನೆಯ ಉಸಿರು. ಮಾರೆಣ್ಣನ ಕೆಮ್ಮೇ ಬೇರೆ. ದಪ್ಪಗೆ ಎರಡು ಸಲ, ಕೊನೆಗೆ ಗಂಟಲಲ್ಲಿ ಒಂದು ಕರಕರ.

"ನಿಂದು ಕೆಮ್ಮೇನಲೇ ಮಾರೆಣ್ಣ? ನೆಲದ ಮ್ಯಾಲ ಭತ್ತದ ಚೀಲ ಎಳದಂಗ ಐತಿ" ಎಂದು ಸುಂಕಪ್ಪ ನಗುತ್ತಿದ್ದ. ನಕ್ಕು ನಕ್ಕು ಅವನೂ ಕೆಮ್ಮುತ್ತಿದ್ದ.

ಕಳೆದ ಶ್ರಾವಣದಲ್ಲಿ, ಬಳ್ಳಾರಿಯ ಆಸ್ಪತ್ರೆಯಲ್ಲಿ, ಆ ಸೀಟಿಯ ಉಸಿರು ನಿಂತಿತು. ಎದೆಯಲ್ಲಿ ಗಾಳಿ ನಿಲ್ಲುವ ಜಾಗವೇ ಉಳಿದಿಲ್ಲ ಎಂದಿದ್ದರು ಡಾಕ್ಟರು. ಮೂರನೆಯ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟಾಗ, ಅನ್ನ ಸಾರಿನ ಪಕ್ಕದಲ್ಲಿ ಮಾರೆಣ್ಣನೇ ಕೈಯಾರೆ ಒಂದು ಬೀಡಿ ಹಚ್ಚಿ ಇಟ್ಟ. ಹೋದವರಿಗೆ ಇದ್ದಾಗ ಏನು ಪ್ರೀತಿಯೋ ಅದನ್ನು ಇಡಬೇಕು, ಅದು ವಾಡಿಕೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮಂಜು ಬೀಳಲು ಶುರುವಾದ ಮೇಲೆ ಒಂದು ಬೆಳಿಗ್ಗೆ ಮಾರೆಣ್ಣನೂ, ಅವನ ಜೊತೆಯ ಹಮಾಲ ಎರ್ರಿಯೂ ಆರೂವರೆಯ ಬಸ್ಸಿಗೆ ಕಾಯುತ್ತ ಕೂತಿದ್ದರು. ಇಬ್ಬರ ಬೀಡಿಗಳೂ ಹೊತ್ತಿದ್ದವು. ಸುಂಕಪ್ಪನ ಮೂಲೆ ಖಾಲಿ ಇತ್ತು. ಅವನು ಹೋದ ಮೇಲೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಆ ಖಾಲಿ ಮೂಲೆಯಿಂದ ಬಂತು.

ಖೊಕ್, ಖೊಕ್, ಖೊಕ್. ಆಮೇಲೆ ಉದ್ದನೆಯ ಸೀಟಿ.

ಎರ್ರಿಯ ಬೀಡಿ ಬಾಯಿಂದ ಜಾರಿ ಲುಂಗಿಯ ಮೇಲೆ ಬಿತ್ತು. ಝಾಡಿಸಿಕೊಂಡು ಎದ್ದ.

"ಯಣ್ಣ... ಕೇಳಿತೇನು?"

"ಏನು?" ಎಂದ ಮಾರೆಣ್ಣ, ಕೇಳದವನ ಹಾಗೆ.

"ಸುಳ್ಳು ಯಾಕ ಹೇಳ್ತಿ? ನಿನ್ನ ಕೈಮ್ಯಾಲಿನ ಕೂದ್ಲು ನೆಟ್ಟಗೆ ನಿಂತಿದ್ದು ಈ ಮಂಜಿನಾಗೂ ಕಾಣಾಕ ಹತ್ತೈತಿ."

ಮಾರೆಣ್ಣ ಟವೆಲು ಎಳೆದು ತೋಳು ಮುಚ್ಚಿಕೊಂಡ.

"ಬೀಡಿ ಕೇಳಾಕ ಹತ್ಯಾನ ಯಣ್ಣ. ಆವತ್ತು ಒಂದು ಕೊಟ್ಟು ಸುಮ್ನಾದಿ. ಬದುಕಿದ್ದಾಗ ಅವನಿಗೆ ಒಂದು ಸಾಕಾಗತಿತ್ತೇನು?"

ಮಾರೆಣ್ಣ ಒಂದು ಬೀಡಿ ಹಚ್ಚಿ ಗಾಳಿಕಿಂಡಿಯ ಅಂಚಿನ ಮೇಲೆ ಇಟ್ಟ. ಹೊಗೆ ಮೊದಲು ದಾರದ ಹಾಗೆ ನೆಟ್ಟಗೆ ಎದ್ದಿತು. ಆಮೇಲೆ ಒಮ್ಮೆಲೇ ಬಾಗಿ, ಯಾರೋ ಆಚೆಯಿಂದ ಬಾಯಿ ಇಟ್ಟು ಎಳೆದಂತೆ, ಕಿಂಡಿಯೊಳಗೆ ನುಗ್ಗಿ ಮಾಯವಾಯಿತು. ಬೀಡಿಯ ತುದಿ ಕೆಂಪಗೆ ಮಿನುಗಿತು. ಮತ್ತೆ ಕೆಮ್ಮು.

"ಸೇದಿದ" ಎಂದ ಎರ್ರಿ, ಉಸಿರಿನಲ್ಲೇ.

ಅವತ್ತಿನಿಂದ ಅದೊಂದು ನೇಮವಾಯಿತು. ಬೆಳಿಗ್ಗೆ ಬಂದ ಕೂಡಲೇ 'ಸುಂಕಪ್ಪ, ತಗಳೋ' ಎಂದು ಅವನ ಪಾಲಿನ ಬೀಡಿ ಮೊದಲು, ತಮ್ಮದು ಆಮೇಲೆ. ವಿಚಿತ್ರವೆಂದರೆ, ಎಷ್ಟು ಇಟ್ಟರೂ ಕೆಮ್ಮು ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಒಂದಿದ್ದದ್ದು ಎರಡು ಬೀಡಿ ಆಯಿತು. ಕೆಮ್ಮು ಇನ್ನೂ ಹೆಚ್ಚಾಯಿತು. ಗೋಡೆಯ ಹಿಂದೆ ಹೋಗಿ ನೋಡುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಹಾರನ್ ಕೇಳಿದರೆ ಸಾಕು, ಗಂಡಸರೆಲ್ಲ ಹಿಂದಿನ ಬಾಗಿಲಿಗೆ ಓಡಿ ಬಸ್ಸು ಹತ್ತಿಬಿಡುತ್ತಿದ್ದರು.

ಊರಿನ ಆಶಾ ಕಾರ್ಯಕರ್ತೆ ಸಂಘಮಿತ್ರಾ ತಿಂಗಳಿಗೊಮ್ಮೆ ಮೀಟಿಂಗಿಗೆಂದು ಅದೇ ಬಸ್ಸಿಗೆ ಬರುತ್ತಿದ್ದಳು. ಒಂದು ದಿನ ಮೂಗಿಗೆ ಸೆರಗು ಹಿಡಿದು ಕೇಳಿದಳು:

"ಮಾರೆಣ್ಣ ಮಾಮ, ಇದು ನಾಕು ಮಂದಿ ಕೂಡೋ ಜಾಗ. ಇಲ್ಲಿ ಸೇದಬಾರದು ಅಂತ ಕಾನೂನೇ ಐತಿ, ದಂಡ ಹಾಕ್ತಾರ. ಗೊತ್ತಿಲ್ಲೇನು?"

"ಅದು ನಂದಲ್ಲವ್ವ. ಸುಂಕಪ್ಪಂದು. ದಂಡ ಅವನಿಗೆ ಹಾಕಸು."

ಗಂಡಸರೆಲ್ಲ ನಕ್ಕರು. ಸಂಘಮಿತ್ರಾಳೂ ಅರ್ಧ ನಕ್ಕಳು. ಆಮೇಲೆ ಕಿಂಡಿಯ ಕಡೆ ನೋಡಿ, "ಸತ್ತೋರು ಕೆಮ್ಮಂಗಿಲ್ಲ ಮಾಮ" ಎಂದಳು. "ಕೆಮ್ಮಾಕ ಎದಿ ಬೇಕು."

ಆ ಮಾತು ಮಾರೆಣ್ಣನಿಗೆ ಹಿಡಿಸಲಿಲ್ಲ. ಆದರೆ ಬಿಟ್ಟೂ ಹೋಗಲಿಲ್ಲ. ದಿನವಿಡೀ ಚೀಲ ಹೊರುವಾಗ ಬೆನ್ನ ಮೇಲೆ ಕೂತಿತ್ತು.

ಎಳ್ಳಮಾವಾಸ್ಯೆಯ ಮರುದಿನ. ಅಂಥ ಮಂಜನ್ನು ಆ ಚಳಿಗಾಲದಲ್ಲಿ ಯಾರೂ ಕಂಡಿರಲಿಲ್ಲ. ತಂಗುದಾಣದ ಒಳಗೂ ನುಗ್ಗಿ ಕಟ್ಟೆಯ ಮೇಲೆ ಜನರ ಹಾಗೆ ಕೂತಿತ್ತು. ಬಸ್ಸು ತಡವಾಗಿತ್ತು. ಮಾರೆಣ್ಣ ಬೀಡಿ ಹಚ್ಚಿ ಕಿಂಡಿಯಲ್ಲಿಟ್ಟ. ಹೊಗೆ ಬಾಗಿತು, ಒಳಗೆ ಹೋಯಿತು. ಕೆಮ್ಮು ಶುರುವಾಯಿತು.

ಆದರೆ ಅವತ್ತು ಮೂರಕ್ಕೆ ನಿಲ್ಲಲಿಲ್ಲ. ನಾಲ್ಕು, ಐದು, ಹತ್ತು. ಸೀಟಿಯ ಉಸಿರು ಎಳೆಯಲು ಹೋಗಿ ಅರ್ಧಕ್ಕೇ ತುಂಡಾಯಿತು.

"ಸಿಟ್ಟಿಗೆ ಬಂದಾನ ಯಣ್ಣ, ಇನ್ನೊಂದು ಇಡು" ಎಂದ ಎರ್ರಿ.

ಮಾರೆಣ್ಣ ಇನ್ನೊಂದು ಹಚ್ಚಿದ. ಇಟ್ಟ.

ಗೋಡೆಯಾಚೆ ಏನೋ ದೊಪ್ಪನೆ ತಾಕಿದ ಸದ್ದು. ಆಮೇಲೆ ಕಿಂಡಿಯಲ್ಲಿ ಮಂಜು ಅಲುಗಾಡಿತು. ಅದರೊಳಗಿಂದ ನಿಧಾನಕ್ಕೆ ಒಂದು ಕೈ ಹೊರಗೆ ಬಂತು.

ಬಳೆಯಿಲ್ಲದ ಕೈ. ಬೂದಿ ಬಣ್ಣ. ಎಲುಬಿನ ಮೇಲೆ ಬರೀ ತೊಗಲು. ಬೆರಳುಗಳು ಕಿಂಡಿಯ ಅಂಚನ್ನು ತಡವುತ್ತ ತಡವುತ್ತ ಬಂದು, ಉರಿಯುವ ಬೀಡಿಗಳನ್ನು ಈಚೆಗೆ ನೂಕಿಬಿಟ್ಟವು. ಮಾರೆಣ್ಣನ ಕಾಲ ಹತ್ತಿರ ಕಿಡಿ ಚದುರಿತು.

"ಅಮ್ಮೋ!" ಎಂದು ಚೀರಿ ಎರ್ರಿ ರಸ್ತೆಗೆ ಹಾರಿದ.

ಮಾರೆಣ್ಣನಿಗೂ ಓಡಬೇಕಿತ್ತು. ಆದರೆ ಕಣ್ಣು ಆ ಕೈಯ ಮೇಲೇ ನೆಟ್ಟಿತ್ತು. ಮುಂಗೈಯಲ್ಲಿ ಹಸಿರು ಹಚ್ಚೆ. ಹಳೆಯದಾಗಿ ಹರಡಿಕೊಂಡ ಅಕ್ಷರ. ಒಂದೊಂದಾಗಿ ಕೂಡಿಸಿ ಓದಿದ: ಸುಂ... ಕ... ಪ್ಪ.

ಮರುಕ್ಷಣವೇ ಅವನಿಗೆ ನೆನಪಾಯಿತು. ಸುಂಕಪ್ಪನ ಕೈ ಮೇಲೆ ಹಚ್ಚೆಯೇ ಇರಲಿಲ್ಲ. ಆ ಹೆಸರು ಹಾಕಿಸಿಕೊಂಡ ಕೈ ಊರಿನಲ್ಲಿ ಒಂದೇ ಒಂದು. ಆ ಕೈ ಬಡಿಸಿದ ರೊಟ್ಟಿಯನ್ನು ಅವನೇ ಎಷ್ಟು ಸಲ ಉಂಡಿದ್ದ!

"ಉಚ್ಚೆಂಗೆಮ್ಮಾ!"

ಮುಳ್ಳು ಹರಿಯುವುದನ್ನೂ ಲೆಕ್ಕಿಸದೆ ಗೋಡೆ ಸುತ್ತಿ ಓಡಿದ. ಸುಂಕಪ್ಪನ ಹೆಂಡತಿ ಉಚ್ಚೆಂಗೆಮ್ಮ, ಕಿಂಡಿಯ ಕೆಳಗೆ ಒಂದು ಕಲ್ಲಿನ ಮೇಲೆ ಗೋಡೆಗೆ ಒರಗಿ ಬಿದ್ದಿದ್ದಳು. ತುಟಿ ನೀಲಿ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ.

ಅವತ್ತು ಸಂಘಮಿತ್ರಾಳ ಮೀಟಿಂಗು ಇದ್ದದ್ದು ಪುಣ್ಯ. ಕೂಗು ಕೇಳಿ ರಸ್ತೆಯಿಂದ ಓಡಿಬಂದವಳೇ, "ಮಲಗಸಬ್ಯಾಡ್ರಿ, ನೆಟ್ಟಗೆ ಕೂಡಸ್ರಿ! ಮುಂದಕ ಬಗ್ಗಸ್ರಿ!" ಎಂದಳು. ಉಚ್ಚೆಂಗೆಮ್ಮನ ಚೀಲಕ್ಕೆ ಕೈ ಹಾಕಿ, ಡಾಕ್ಟರು ಕೊಟ್ಟಿದ್ದ ಉಸಿರಿನ ಪಂಪು ಹುಡುಕಿ ಬಾಯಿಗಿಟ್ಟು ಒತ್ತಿದಳು. ಒಂದು ಸಲ. ಎರಡು ಸಲ. ಎಲ್ಲರೂ ತಮ್ಮ ಉಸಿರನ್ನೂ ಹಿಡಿದುಕೊಂಡು ನಿಂತರು.

ಆಮೇಲೆ ಬಂತು ಆ ಉದ್ದನೆಯ ಸೀಟಿ. ಇಷ್ಟು ದಿನ ಯಾವ ಸದ್ದಿಗೆ ಮಾರೆಣ್ಣ ಹೆದರಿದ್ದನೋ, ಅದೇ ಸದ್ದಿಗೆ ಈಗ ಕಣ್ಣಲ್ಲಿ ನೀರು ತಂದುಕೊಂಡ.

ಬಸ್ಸು ಬಂದ ಕೂಡಲೇ ಎತ್ತಿ ಕೂರಿಸಿ ಸಿರುಗುಪ್ಪದ ಆಸ್ಪತ್ರೆಗೆ ಸೇರಿಸಿದರು. ಎರಡು ತಾಸು ಕಳೆದ ಮೇಲೆ ಮುಖದಲ್ಲಿ ರಕ್ತ ಆಡಿತು. ಮಂಚದ ಪಕ್ಕ ಮಾರೆಣ್ಣ, ಎರ್ರಿ ತಪ್ಪು ಮಾಡಿದ ಶಾಲೆ ಹುಡುಗರ ಹಾಗೆ ನಿಂತಿದ್ದರು.

"ತಂಗಿ, ಅಲ್ಲಿ ಹಿಂದ ಯಾಕ ಕುಂತಿದ್ದಿ?" ಎಂದು ಮಾರೆಣ್ಣ ಕೇಳಿದ.

"ಹಾಸ್ಟೆಲಿನಾಗ ಅಡಗಿ ಕೆಲ್ಸ ಹಿಡದೀನಲ್ಲ ಯಣ್ಣ. ಮೊದಲನೇ ಬಸ್ಸು ತಪ್ಪಿದ್ರ ಕೆಲ್ಸ ಹೊಕ್ಕೈತಿ. ಒಳಗ ಬಂದು ಕುಂದರಾಕ ನಿಮ್ಮ ಹೊಗಿ ತಡಕಳಾಕ ಆಗಲ್ಲ. ಬಯಲಾಗ ನಿಂತ್ರ ಈ ಚಳಿ ಆಗಲ್ಲ. ಗ್ವಾಡಿ ಹಿಂದ ಗಾಳಿ ಹೊಡಿಯಂಗಿಲ್ಲ ಅಂತ ಕುಂತೆ. ಹಾರನ್ ಕೇಳಿದ ಕೂಡ್ಲೆ ಬಂದು ಮುಂದಿನ ಬಾಗ್ಲಾಗ ಹತ್ತತಿದ್ದೆ."

"ಬೀಡಿ ಹಚ್ಚಬ್ಯಾಡ್ರಿ ಅಂತ ಒಂದು ಮಾತು ಅನಬಾರದೇನು?"

ಉಚ್ಚೆಂಗೆಮ್ಮ ಮುಂಗೈಯ ಹಚ್ಚೆಯ ಮೇಲೆ ಬೆರಳಾಡಿಸಿದಳು.

"ಹೆಂಗ ಅನ್ಲಿ? ಅವನ ಹೆಸರು ಹೇಳಿ ಹಚ್ಚತಿದ್ರಿ. 'ಸುಂಕಪ್ಪ, ತಗಳೋ' ಅಂತಿದ್ರಿ. ಊರಾಗ ಅವನ ಹೆಸರು ತಗಳೋರು ಯಾರದಾರ ಈಗ? ಬ್ಯಾಡ ಅನ್ನಾಕ ಮನಸ್ಸು ಬರಲಿಲ್ಲ."

ಮಾರೆಣ್ಣ ಜೇಬಿನ ಬೀಡಿ ಕಟ್ಟನ್ನು ಕೈಯಿಂದ ಮುಚ್ಚಿಕೊಂಡ.

"ಆದ್ರ ಕೆಮ್ಮು..." ಎಂದ ಎರ್ರಿ ಮೆಲ್ಲಗೆ. "ಥೇಟ್ ಅವಂದೇ ಕೆಮ್ಮು ಅಲ್ಲವಾ ಅಕ್ಕ?"

"ಅವಂದೇ" ಎಂದಳು ಉಚ್ಚೆಂಗೆಮ್ಮ. "ಮೂವತ್ತೊರ್ಸ ಅವನ ಬಗಲಾಗ ಕುಂತು ಅವನ ಹೊಗಿ ಉಂಡೀನಿ. ನಮ್ಮ ಕುರುಗೋಡಿನ ತವರುಮನ್ಯಾಗ ಬೀಡಿ ಮುಟ್ಟಿದೋರು ಯಾರೂ ಇಲ್ಲ. ನಾನೂ ಮುಟ್ಟಿಲ್ಲ. ಡಾಕ್ಟರು ನನ್ನ ಎದಿ ಫೋಟೋ ನೋಡಿ, 'ದಿನಕ್ಕ ಎಷ್ಟು ಸೇದ್ತೀಯಮ್ಮ?' ಅಂತ ಕೇಳಿದ್ರು. ಅವ ಹೋದ, ಕೆಮ್ಮು ನನ್ನ ಎದ್ಯಾಗ ಬಿಟ್ಟುಹೋದ."

ಹೊರಗೆ ಆಸ್ಪತ್ರೆಯ ಜಗುಲಿಯಲ್ಲಿ ಎರ್ರಿ ತನ್ನ ವಾದ ಬಿಡಲಿಲ್ಲ. ಹೆದರಿದವರು ಹೆಚ್ಚು ವಾದ ಮಾಡುತ್ತಾರೆ, ಅದು ಲೋಕರೂಢಿ.

"ಅಲ್ಲ ಸಂಘಮಿತ್ರಕ್ಕ, ಎಲ್ಲಾ ಬೀಡಿ ಮ್ಯಾಲೇ ಹಾಕಿದ್ರ ಹೆಂಗ? ಬಸ್ಸು ಹೊಗಿ ಬಿಡಂಗಿಲ್ಲೇನು? ಗದ್ದ್ಯಾಗ ಹುಲ್ಲು ಸುಡಂಗಿಲ್ಲೇನು? ಗಿರಣಿ ಧೂಳು ಕಡಿಮಿ ಐತೇನು?"

"ಖರೆ ಐತಿ ಎರ್ರಣ್ಣ. ಅವೂ ಕೆಟ್ಟವೇ. ಬಸ್ಸಿನ ಹೊಗಿ ನಾಳೆನೇ ನಿಲ್ಲಸಾಕ ನಿನ್ನ ಕೈಲಿ ಆಗಲ್ಲ. ಬೀಡಿ ನಿನ್ನ ಬೆರಳಾಗೇ ಐತೆಲ್ಲ."

"ನಾವು ಸೇದಿರಾದು ಸೈ. ಕಿಂಡ್ಯಾಗಿಂದು ಯಾರೂ ಸೇದೇ ಇಲ್ಲಲ್ಲ!"

"ಅದಕ್ಕೇ ಅದು ಇನ್ನೂ ಕೆಟ್ಟದ್ದು" ಎಂದಳು ಸಂಘಮಿತ್ರಾ. "ಸೇದೋನು ಒಳಗ ಎಳಕಣಾದು ಸ್ವಲ್ಪ. ಉರಿಯೋ ತುದಿಯಿಂದ ಎದ್ದು ಗಾಳಿಗೆ ಸೇರಾದೇ ಜಾಸ್ತಿ, ಅದೇ ಪಕ್ಕದೋರ ಎದಿಗೆ ಹೋಗಾದು. ನೀವು ಕಿಂಡ್ಯಾಗ ಇಟ್ಟ ಬೀಡಿ ಪೂರಾ ಆಕಿ ಪಾಲಿಗೆ ಬಂತು. ಕೆಮ್ಮು ನಿಲ್ಲಲಿ ಅಂತ ಹಚ್ಚಿದ್ರಿ, ಹಚ್ಚಿದ್ದಕ್ಕ ಆಕಿ ಕೆಮ್ಮಿದ್ಲು."

ಎರ್ರಿ ತಲೆ ಕೆರೆದುಕೊಂಡ. ಮಾರೆಣ್ಣ ಮಾತ್ರ ಅಡ್ಡ ಹಾಕಿದ. "ನೋಡವ್ವ, ಇಪ್ಪತ್ತೈದು ವರ್ಸದ ಚಟ. ಚೀಲ ಹೊತ್ತು ಹೊತ್ತು ಬೆನ್ನು ಮುರದಾಗ ಒಂದು ಬೀಡಿನೇ ನಮಗ ಆಸರ. ನಮ್ಮನ್ನೂ ಒಂದಿಷ್ಟು ತಡಕಾಬೇಕಪ್ಪ ಊರು. ಎಲ್ರೂ ಹೊಂದಿಕಂಡು ಹೋಗಬೇಕಲ್ಲ?"

ಸಂಘಮಿತ್ರಾ ಸಿಟ್ಟಾಗಲಿಲ್ಲ. ಅವನ ಪಕ್ಕದಲ್ಲಿ ಕೂತಳು.

"ಹೊಂದಿಕಳಾದು ಅಂದ್ರ ಇಬ್ರೂ ಒಂದೊಂದು ಹೆಜ್ಜಿ ಸರಿಯಾದು ಮಾಮ. ಇಲ್ಲಿ ಉಚ್ಚೆಂಗೆಮ್ಮತ್ತಿ ಒಬ್ಬಾಕೇ ಸರದು ಸರದು ಗ್ವಾಡಿ ಹಿಂದ, ಮುಳ್ಳಾಗ ಹೋಗಿ ಕುಂತಾಳ. ನೀವು ಒಂದು ಹೆಜ್ಜಿನೂ ಸರದಿಲ್ಲ. ನಿಮ್ಮನ್ನ ಯಾರೂ ಊರು ಬಿಡ್ರಿ ಅನ್ನಂಗಿಲ್ಲ. ಕಾಲುವಿ ದಂಡ್ಯಾಗ ಬೇವಿನಮರ ಐತಿ, ಅಲ್ಲಿ ಯಾರೂ ನಿಲ್ಲಂಗಿಲ್ಲ. ತಡಕಳಾಕ ಆಗಲೇ ಇಲ್ಲ ಅಂದ್ರ ಅಷ್ಟು ದೂರ ನಡೀರಿ. ಮನಿಯಾಗ ಮಾತ್ರ ಬ್ಯಾಡ. ಬಿಡಬೇಕು ಅನ್ಸಿದ್ರ ನನಗ ಹೇಳ್ರಿ, ಬಿಡಸಾಕ ಫೋನ್ ನಂಬರೇ ಐತಿ. ಚಟ ಬಿಡಾದು ಕಷ್ಟ ಅಂತ ನನಗೂ ಗೊತ್ತು, ಬಯ್ಯಂಗಿಲ್ಲ."

ಮಾರೆಣ್ಣ "ನೋಡಾನು" ಎಂದ. ಹೊರಗೆ ಸೇದುವುದು ಬಿಟ್ಟರಾಯಿತು, ಮನೆಯ ಮಾತು ಇವಳಿಗೆ ಯಾಕೆ ಎಂದು ಒಳಗೊಳಗೆ ಅಂದುಕೊಂಡ. ನಮ್ಮ ಮನೆಯಲ್ಲಿ ಯಾರಿಗೇನಾಗಿದೆ?

ಮಧ್ಯಾಹ್ನ ಊರಿಗೆ ಬಂದ. ಮಂಜು ಪೂರ್ತಿ ಕರಗಿ ಬಿಸಿಲು ಬಿದ್ದಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಕೂತ. ಒಳಗೆ ಹೆಂಡತಿ ಪಂಪಾವತಿ ರೊಟ್ಟಿ ಬಡಿಯುತ್ತಿದ್ದಳು. ಟಪ್ಪ ಟಪ್ಪ, ಟಪ್ಪ ಟಪ್ಪ. ಆ ಸದ್ದಿಗೆ ಅವನ ಜೀವ ಸ್ವಲ್ಪ ತಣ್ಣಗಾಯಿತು. ಕೈ ತಾನೇ ಜೇಬಿಗೆ ಹೋಯಿತು, ಬೀಡಿ ತಾನೇ ಹೊತ್ತಿತು. ಮೊದಲನೆಯ ಹೊಗೆ ಬಾಯಿಂದ ಬಿಟ್ಟ.

ಹೊಗೆ ನೆಟ್ಟಗೆ ಎದ್ದಿತು. ಆಮೇಲೆ ಒಮ್ಮೆಲೇ ಬಾಗಿತು. ಯಾರೋ ಒಳಗಿನಿಂದ ಎಳೆದಂತೆ ಬಾಗಿಲೊಳಗೆ ಹೋಯಿತು.

ರೊಟ್ಟಿಯ ಸದ್ದು ನಿಂತಿತು.

ಒಳಗಿನಿಂದ ಕೆಮ್ಮು ಕೇಳಿತು. ದಪ್ಪಗೆ ಎರಡು ಸಲ. ಕೊನೆಗೆ ಗಂಟಲಲ್ಲಿ, ನೆಲದ ಮೇಲೆ ಭತ್ತದ ಚೀಲ ಎಳೆದಂತೆ, ಒಂದು ಕರಕರ.

ಮಾರೆಣ್ಣ ಕೆಮ್ಮಿರಲಿಲ್ಲ. ಆದರೆ ಅದು ಅವನದೇ ಕೆಮ್ಮು.

ಬಿಸಿಲಲ್ಲಿ ಕೂತಿದ್ದರೂ ಅವನ ಬೆನ್ನಿಗೆ ಬೆಳಗಿನ ಮಂಜೆಲ್ಲ ಬಂದು ತಾಕಿದಂತಾಯಿತು. ಎದ್ದು ಒಳಗೆ ಹೋದ. ಪಂಪಾವತಿ ಹಿಟ್ಟಿನ ಕೈಯಿಂದಲೇ ಎದೆ ಒತ್ತಿಕೊಂಡು ಕೂತಿದ್ದಳು. ಗ್ಯಾಸಿನ ಒಲೆ. ಒಲೆಯ ಹೊಗೆ ಅನ್ನುವಂತಿಲ್ಲ.

"ಪಂಪಾ, ಇದು ಯಾವಾಗಿಂದ?"

"ಯಾವುದು?"

"ಈ ಕೆಮ್ಮು."

"ಎಲ್ಡು ವರ್ಸಾತು ತಗ. ಈಗ ಕೇಳ್ತಾನ ನೋಡು ಪುಣ್ಯಾತ್ಮ!"

"ನನಗ ಗೊತ್ತೇ ಆಗಲಿಲ್ಲಲ್ಲ?"

ಪಂಪಾವತಿ ನಕ್ಕಳು. "ನಿನ್ನ ಕೆಮ್ಮಿನ ಸಪ್ಪಳದಾಗ ನಂದು ಯಾರಿಗೆ ಕೇಳಬೇಕು?"

ಮಾರೆಣ್ಣ ಬೆರಳ ನಡುವಿನ ಬೀಡಿ ನೋಡಿದ. ಹಿತ್ತಲಿಗೆ ಹೋಗಿ ಬಚ್ಚಲ ನೀರಲ್ಲಿ ಹಾಕಿ, ಅದು ಚುಂಯ್ ಎಂದು ಆರುವ ತನಕ ನಿಂತ. ಅವತ್ತೇ ಸಂಜೆ ಪಂಪಾವತಿಯನ್ನು ಸಂಘಮಿತ್ರಾಳ ಮನೆಗೆ ಕರೆದುಕೊಂಡು ಹೋದ. "ಆಕಿ ಎದಿ ತೋರಸಾಕ ಯಾವ ದಿನ ಹೋಗಬೇಕು ಹೇಳವ್ವ. ಮತ್ತ ಆ ಫೋನ್ ನಂಬರು ಕೊಡು."

ಪೂರ್ತಿ ಬಿಟ್ಟನೇ ಅಂದರೆ, ಸುಳ್ಳು ಯಾಕೆ ಹೇಳಬೇಕು, ಇನ್ನೂ ಇಲ್ಲ. ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದವನು ಎರಡು ಬೀಡಿಗೆ ಬಂದಿದ್ದಾನೆ. ಅದನ್ನೂ ಕಾಲುವೆಯ ಬೇವಿನ ಮರದ ತನಕ ನಡೆದು ಹೋಗಿಯೇ ಸೇದಬೇಕು. ಎರ್ರಿ ಎರಡು ವಾರ ನಡೆದ. "ಥೂ, ಬೀಡಿಗಿಂತ ನಡಿಗಿನೇ ಜಾಸ್ತಿ ಆತು" ಎಂದು ಬೆಳಗಿನದನ್ನು ಕೈಬಿಟ್ಟ.

ಉಚ್ಚೆಂಗೆಮ್ಮ ಈಗ ಗೋಡೆಯ ಹಿಂದೆ ಕೂರುವುದಿಲ್ಲ. ಗಾಳಿಕಿಂಡಿಯ ಕೆಳಗೆ, ಸುಂಕಪ್ಪನ ಮೂಲೆಯಲ್ಲೇ ಕೂರುತ್ತಾಳೆ. ಹೊರಗಿನವರು ಯಾರಾದರೂ ಬಂದು ಬೀಡಿ ತೆಗೆದರೆ, "ಯಣ್ಣ, ಬೇವಿನಮರ ಆಕಡಿ ಐತಿ, ಸಿಟ್ಟು ಮಾಡ್ಕಬ್ಯಾಡ" ಎಂದು ನಗುತ್ತ ಹೇಳುತ್ತಾಳೆ. ಹೇಳುವುದನ್ನು ಅವಳೂ ಕಲಿತಳು. ಅಮಾವಾಸ್ಯೆಗೊಮ್ಮೆ ಮಾರೆಣ್ಣ ಕಿಂಡಿಯಲ್ಲಿ ಸುಂಕಪ್ಪನ ಪಾಲು ಇಡುತ್ತಾನೆ. ಬೀಡಿಯಲ್ಲ, ಒಂದು ಮುಷ್ಟಿ ಮಂಡಕ್ಕಿ ಒಗ್ಗರಣಿ, ಮೇಲೊಂದು ಮಿರ್ಚಿ. ಅದೂ ಅವನಿಗೆ ಪ್ರೀತಿಯೇ. ಕಾಗೆ ಬಂದು ಒಯ್ಯುತ್ತದೆ. ಕಾಗೆ ಕೆಮ್ಮಿದ್ದನ್ನು ಇದುವರೆಗೆ ಯಾರೂ ಕೇಳಿಲ್ಲ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ತಮ್ಮ, ತಂಗಿ, ಬಸ್‌ಸ್ಟ್ಯಾಂಡು, ಆಸ್ಪತ್ರೆ, ಹೋಟೆಲು, ಸಂತೆ ನಮ್ಮೆಲ್ಲರವು. ಅಲ್ಲಿ ಸೇದುವುದು ಕಾನೂನಿಗೆ ತಪ್ಪು. ಅದಕ್ಕಿಂತ ಮೊದಲು, ಪಕ್ಕದಲ್ಲಿ ಕೂತವರ ಎದೆಗೆ ತಪ್ಪು. ಸೇದುವವರೇ, ನಾಲ್ಕು ಹೆಜ್ಜೆ ದೂರ ಸರಿಯಿರಿ. ಸೇದದವರೇ, ಗೋಡೆಯ ಹಿಂದೆ ಹೋಗಿ ಕೂರಬೇಡಿ. ಬಯ್ಯದೆ, ಬಾಯಿಬಿಟ್ಟು ಒಂದು ಮಾತು ಹೇಳಿ. ಬಿಡಬೇಕೆಂಬ ಮನಸ್ಸಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1800-11-2356ಕ್ಕೆ ಫೋನು ಮಾಡಿ. ಕರೆ ಉಚಿತ.

ಇವತ್ತು ಮನೆಗೆ ಹೋದ ಮೇಲೆ ಇನ್ನೊಂದು ಕೆಲಸ ಮಾಡಿ. ಟಿವಿ ಆರಿಸಿ, ಮಾತು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿ. ಒಳಗಿನ ಕೋಣೆಯಿಂದ ಯಾರಾದರೂ ಕೆಮ್ಮುತ್ತಾರೇನೋ.

ಅದು ನಿಮ್ಮ ಕೆಮ್ಮೇ ಆಗಿದ್ದರೆ, ಎದ್ದು ಹೋಗಿ ಕೈಯಲ್ಲಿರುವುದನ್ನು ಆರಿಸಿಬಿಡಿ.